ಅನುಮಾನ ಬಂದರೆ ಅಕ್ಕಿ ನಿಲ್ಲಿಸಬಹುದೆ?



2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಿ ಎದ್ದ ಗಲಾಟೆ ನಿಮಗೆ ನೆನಪಿರಬೇಕು. ಅರ್ಹರ ಕಾರ್ಡು ವಾಪಸ್ ಕೊಡಿ ಎಂದು ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹೇಳಬೇಕಾಯಿತು. ಸುಳ್ಳು ಕಾರ್ಡು ಹುಡುಕಲು ಯಂತ್ರಕಲಿಕೆ (ಮೆಷಿನ್ ಲರ್ನಿಂಗ್) ಬಂದರೆ ಅದು ಇನ್ನೂ ಒಂದು ಹೆಜ್ಜೆ ಮುಂದೆ. ಹಿಂದೆ ಸಿಕ್ಕಿಬಿದ್ದವರ ಲಕ್ಷಣ ಕಲಿತು, ಮುಂದೆ ಯಾರನ್ನು ಶಂಕಿಸಬೇಕೆಂದು ತಂತ್ರಾಂಶವೇ ಹೇಳುತ್ತದೆ. ಇನ್ಸ್‌ಪೆಕ್ಟರು ಬಡವರ ಕೇರಿಯಲ್ಲೇ ಹೆಚ್ಚು ತಪಾಸಣೆ ಮಾಡಿದ್ದರೆ, ಅದೂ ಅದೇ ಕೇರಿಯತ್ತ ಬೆರಳು ತೋರುತ್ತದೆ.

ನೂರಕ್ಕೆ ತೊಂಬತ್ತೈದು ಸರಿ ಹೇಳುತ್ತದಲ್ಲ, ಸಾಲದೆ ಎನ್ನುವಿರಿ. ಲೆಕ್ಕ ಹಾಕೋಣ. ಒಂದು ಲಕ್ಷ ಕಾರ್ಡಿನಲ್ಲಿ ಸಾವಿರ ಸುಳ್ಳು ಎನ್ನಿ. ಯಂತ್ರ 950 ಹಿಡಿಯಿತು. ಉಳಿದ 99,000 ಪ್ರಾಮಾಣಿಕರಲ್ಲಿ ನೂರಕ್ಕೆ ಐದರಂತೆ 4,950 ಮಂದಿಯನ್ನೂ ಹಿಡಿಯಿತು. ಸಿಕ್ಕಿದ ಪ್ರತಿ ಆರು ಜನರಲ್ಲಿ ಸುಮಾರು ಐವರು ನಿರಪರಾಧಿಗಳು!

ಇದು ಬರೀ ಕಾಗದದ ಲೆಕ್ಕವಲ್ಲ. ತೆಲಂಗಾಣದ ‘ಸಮಗ್ರ ವೇದಿಕ’ ಹೆಸರು, ವಿಳಾಸ ಹೊಂದಿಸಿ ಯಾರಿಗೆ ಕಾರಿದೆ, ಯಾರಿಗೆ ಮನೆಯಿದೆ ಎಂದು ಹೇಳುವ ವ್ಯವಸ್ಥೆ. ಅಲ್ಲೊಬ್ಬ ರಿಕ್ಷಾ ಎಳೆಯುವವನನ್ನು ಅದು ಹೆಸರಿನ ಹೋಲಿಕೆಯಿಂದ ಕಾರಿನ ಮಾಲೀಕನೆಂದು ಬಗೆಯಿತು. ಆ ರಾಜ್ಯದಲ್ಲಿ ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆಗೇ ಹೋಗಿ ಮರುಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಶಿಶುಪಾಲನಾ ಭತ್ಯೆ ಪಡೆದ ಸಾವಿರಾರು ತಂದೆತಾಯಿಯರನ್ನು ಸುಳ್ಳೇ ವಂಚಕರೆಂದದ್ದಕ್ಕೆ 2021ರಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ನಮ್ಮ ಹುಣಸಮಾರನಹಳ್ಳಿಯ ಏರ್‌ಪೋರ್ಟ್ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುವವನನ್ನು ನೋಡಿ. ಹೊಟ್ಟೆಪಾಡಿಗೆ ತಾನೇ ಓಡಿಸುವ ಹಳದಿ ಬೋರ್ಡಿನ ಒಂದು ಗಾಡಿಗೆ ಬಿಪಿಎಲ್ ನಿಯಮದಲ್ಲಿ ವಿನಾಯಿತಿ ಇದೆ. ಬ್ಯಾಂಕ್ ಸಾಲಕ್ಕೆಂದು ಅವನು ಐಟಿ ರಿಟರ್ನ್ ಹಾಕಿರಬಹುದು, ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿರಲಿಕ್ಕಿಲ್ಲ. ಆದರೂ ‘ಕಾರಿದೆ, ರಿಟರ್ನ್ ಇದೆ’ ಎಂಬುದಷ್ಟೇ ಯಂತ್ರಕ್ಕೆ ಕಂಡರೆ ಅವನು ಸಿರಿವಂತ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟಾಗಲೇ ಅವನ ಹೆಂಡತಿಗೆ ಕಾರ್ಡು ರದ್ದಾದ ವಿಷಯ ತಿಳಿಯುವುದು. ಅಂಗಡಿಯವರು ನಾಡಕಚೇರಿಗೆ ಹೋಗಿ ಎನ್ನುತ್ತಾರೆ, ಅಲ್ಲಿ ಆಹಾರ ಇಲಾಖೆ ಎನ್ನುತ್ತಾರೆ. ಒಂದು ದಿನದ ಕೂಲಿ ಹೋಯಿತು.

ವಂಚನೆ ಹಿಡಿಯಬಾರದೆಂದು ನಾನು ಹೇಳುತ್ತಿಲ್ಲ. ಯಂತ್ರ ಅನುಮಾನ ಪಡಲಿ, ತೀರ್ಪು ಕೊಡುವುದು ಬೇಡ. ಕಾರಣ ಬರೆದ ನೋಟಿಸು ಮೊದಲು ಬರಲಿ. ಅಧಿಕಾರಿ ಮನೆಗೆ ಬಂದು ವಿಚಾರಿಸಲಿ. ಅಲ್ಲಿಯವರೆಗೆ ಅಕ್ಕಿ ನಿಲ್ಲದಿರಲಿ. ತಪ್ಪಾಗಿ ಕೊಟ್ಟ ಅಕ್ಕಿಯ ಹಣವನ್ನು ಸರ್ಕಾರ ಆಮೇಲೆ ವಸೂಲು ಮಾಡಬಹುದು. ಉಪವಾಸ ಮಲಗಿದ ಮಗುವಿಗೆ ಹೋದ ತಿಂಗಳ ಊಟವನ್ನು ಯಾರೂ ಹಿಂದಿರುಗಿಸಲಾರರು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆಯೂ ಜಾಗೃತಿ ಸಮಿತಿಯೂ ಇವೆ. ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸುವ ನಾವು ಇನ್ನು ಮುಂದೆ ಕಾರ್ಡು ರದ್ದು ಮಾಡುವ ತಂತ್ರಾಂಶದ ಲೆಕ್ಕವನ್ನೂ ಆ ಸಮಿತಿಯ ಮುಂದಿಡಿ ಎಂದು ಕೇಳಬೇಕು.