ಬೆಂಕಿ ಕಾಣದ ಇಟ್ಟಿಗೆ

ಮಳೆಗಾಲದಲ್ಲಿ ಊರಾಚೆಯ ಹುತ್ತವನ್ನು ಎಂದಾದರೂ ನಿಂತು ನೋಡಿದ್ದೀರಾ ಮಕ್ಕಳೇ? ಹುತ್ತವೂ ಮಣ್ಣು, ನೀವು ಅಂಗಳದಲ್ಲಿ ಆಡುತ್ತಾ ಕಟ್ಟಿಟ್ಟ ಉಂಡೆಯೂ ಮಣ್ಣು. ಒಂದು ಜೋರು ಮಳೆ ಹೊಡೆದರೆ ನಿಮ್ಮ ಉಂಡೆ ಕರಗಿ ಕೆಸರಾಗುತ್ತದೆ. ಹುತ್ತ ಮಾತ್ರ ಮೈ ತೊಳೆದುಕೊಂಡು ಅಲ್ಲೇ ನಿಂತಿರುತ್ತದೆ. ಅಲ್ಲಿಷ್ಟು ಇಲ್ಲಿಷ್ಟು ಸವೆದಿದ್ದರೆ ಗೆದ್ದಲುಗಳು ಮತ್ತೆ ಮೆತ್ತಿ ಸರಿಮಾಡುತ್ತವೆ.

ಗುಟ್ಟು ಇರುವುದು ಗೆದ್ದಲಿನ ಬಾಯಲ್ಲಿ. ಅದು ಮಣ್ಣಿನ ಕಣಗಳನ್ನು ಬಾಯಲ್ಲಿ ಎತ್ತಿಕೊಂಡು, ಜೊಲ್ಲು ಬೆರೆಸಿ, ಪುಟ್ಟ ಉಂಡೆ ಮಾಡಿ, ಗೋಡೆಗೆ ಅಂಟಿಸುತ್ತದೆ. ಸಾಸಿವೆಗಿಂತ ಹೆಚ್ಚು ದೊಡ್ಡದಲ್ಲದ ಆ ಉಂಡೆಯೇ ಅದರ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹುತ್ತದ ಮಣ್ಣನ್ನು ಪ್ರಯೋಗಾಲಯಕ್ಕೆ ತಂದು ಪರೀಕ್ಷಿಸಿದ್ದಾರೆ. ಸುತ್ತಲಿನ ಸಾಮಾನ್ಯ ಮಣ್ಣಿಗಿಂತ ಗೆದ್ದಲಿನ ಅಂಟು ಸೇರಿದ ಮಣ್ಣು ಬಹಳ ಗಟ್ಟಿ ಎಂದು ಕಂಡುಕೊಂಡಿದ್ದಾರೆ.

ಗೆದ್ದಲಿಗೆ ಒಲೆಯಿಲ್ಲ, ಸೌದೆಯಿಲ್ಲ. ಆದರೂ ಮನೆ ಗಟ್ಟಿ. ಹಾಗಾದರೆ ನಾವೇಕೆ ಇಟ್ಟಿಗೆಯನ್ನು ಸುಡುತ್ತೇವೆ?

ಎಳ್ಳುಂಡೆಯ ಲೆಕ್ಕ

ಮಣ್ಣನ್ನು ಎಳ್ಳುಂಡೆಗೆ ಹೋಲಿಸಿ ನೋಡೋಣ. ಮಣ್ಣಿನಲ್ಲಿರುವ ಮರಳಿನ ಕಣಗಳೇ ಎಳ್ಳು. ಅವು ಗಟ್ಟಿ, ಆದರೆ ತಾವಾಗಿ ಅಂಟಿಕೊಳ್ಳುವುದಿಲ್ಲ. ಅಂಟಿಸುವ ಬೆಲ್ಲದ ಪಾಕವೆಂದರೆ ಜೇಡಿ. ಅದರ ಕಣಗಳು ಎಷ್ಟು ಸಣ್ಣವೆಂದರೆ ಒಂದು ಮಿಲಿಮೀಟರಿನಲ್ಲಿ ಐನೂರು ಕಣಗಳನ್ನು ಸಾಲಾಗಿ ಜೋಡಿಸಬಹುದು. ಅವು ಗುಂಡಗಿಲ್ಲ, ಹಪ್ಪಳದಂತೆ ಚಪ್ಪಟೆ.

ಅಡುಗೆಮನೆಯಲ್ಲಿ ಎರಡು ಸ್ಟೀಲ್ ತಟ್ಟೆಗಳನ್ನು ಒದ್ದೆಯಾಗಿಯೇ ಒಂದರ ಮೇಲೊಂದು ಇಟ್ಟರೆ ಬಿಡಿಸಲು ಕಷ್ಟಪಡಬೇಕು, ಅಲ್ಲವೇ? ನಡುವಿನ ತೆಳು ನೀರು ಅವನ್ನು ಹಿಡಿದಿಟ್ಟಿರುತ್ತದೆ. ಅದೇ ತಟ್ಟೆಗಳ ನಡುವೆ ನೀರು ಹೆಚ್ಚಾದರೆ ಸರ್ರನೆ ಜಾರುತ್ತವೆ. ಜೇಡಿಯ ಹಪ್ಪಳಗಳೂ ಹೀಗೆಯೇ. ತುಸು ನೀರಿದ್ದರೆ ಹಿಡಿತ, ಹೆಚ್ಚಾದರೆ ಜಾರಿಕೆ. ನಿಮ್ಮ ಉಂಡೆ ಮಳೆಯಲ್ಲಿ ಕರಗಿದ್ದು ಇದಕ್ಕೇ.

ಜೇಡಿಗೆ ಇನ್ನೊಂದು ಚಾಳಿಯಿದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಉತ್ತರ ಕರ್ನಾಟಕದ ಎರೆ ಹೊಲಗಳು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುವುದನ್ನು ಆ ಕಡೆಯ ಮಕ್ಕಳು ನೋಡಿಯೇ ಇರುತ್ತೀರಿ. ಕೆಮ್ಮಣ್ಣಿನ ಜೇಡಿಗೆ ಈ ಚಾಳಿ ಕಡಿಮೆ.

ಗೂಡಿನ ಹಸಿವು

ಜೇಡಿಯ ಈ ಚಾಳಿ ಬಿಡಿಸಲು ಮನುಷ್ಯ ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡ ಉಪಾಯ ಬೆಂಕಿ. ಇಟ್ಟಿಗೆ ಗೂಡಿನಲ್ಲಿ ಕಾವು 900 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅನ್ನಕ್ಕೆ ಕುದಿಯುವ ನೀರಿನ ಬಿಸಿ ಸುಮಾರು 100 ಡಿಗ್ರಿ ಅಷ್ಟೇ! ಆ ಕಾವಿಗೆ ಜೇಡಿಯ ಕಣಗಳು ಅಂಚಿನಲ್ಲಿ ಬೆಸೆದುಕೊಂಡು ಕಲ್ಲಿನಂತಾಗುತ್ತವೆ. ಆಮೇಲೆ ಎಷ್ಟು ನೀರು ಹೊಯ್ದರೂ ಅವು ಮತ್ತೆ ಕೆಸರಾಗುವುದಿಲ್ಲ. ಮಡಕೆ ನೀರು ಹಿಡಿಯುವುದೂ ಇದರಿಂದಲೇ.

ಆದರೆ ಗೂಡಿನ ಹೊಟ್ಟೆ ದೊಡ್ಡದು. ಒಂದೊಂದು ಇಟ್ಟಿಗೆಯನ್ನು ಸುಡಲು ಸುಮಾರು 200 ಗ್ರಾಂ ಕಲ್ಲಿದ್ದಲು ಬೇಕು, ಇಲ್ಲವೇ ಕಾಲು ಕಿಲೊಗೂ ಮಿಕ್ಕ ಸೌದೆ. ಒಂದು ಮನೆಗೆ 10 ಸಾವಿರ ಇಟ್ಟಿಗೆ ಬೇಕು ಎಂದಿಟ್ಟುಕೊಂಡು ಗುಣಿಸಿ ನೋಡಿ. ಎರಡು ಟನ್ ಕಲ್ಲಿದ್ದಲು! ಅದು ಉರಿದ ಹೊಗೆಯೂ ಇಂಗಾಲದ ಡೈಆಕ್ಸೈಡೂ ನಮ್ಮ ಗಾಳಿಗೇ ಸೇರುತ್ತವೆ.

ಸುಡದೆಯೂ ಗಟ್ಟಿಯಾಗುವ ಒಂದು ಇಟ್ಟಿಗೆ ನಮ್ಮ ಕರಾವಳಿಯ ನೆಲದಲ್ಲೇ ಇದೆ. ಮುರಕಲ್ಲು ಎನ್ನುತ್ತಾರೆ, ಜಂಬಿಟ್ಟಿಗೆ ಎಂದೂ ಹೆಸರು. ಅಗೆಯುವಾಗ ಮೆತ್ತಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಕೆಂಪು ಕಲ್ಲು ಅದು. ಅದರಲ್ಲಿರುವ ಕಬ್ಬಿಣದ ಅಂಶವೇ ಅಲ್ಲಿಯ ಅಂಟು. ಮೈಸೂರು, ಕೆನರಾ, ಮಲಬಾರ್ ಸುತ್ತಿದ್ದ ಫ್ರಾನ್ಸಿಸ್ ಬುಕನನ್ ಎಂಬಾತ 1807ರಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಜಂಬಿಟ್ಟಿಗೆ ಎಂಬ ನಮ್ಮ ಹೆಸರಿನೊಳಗೂ ಇಟ್ಟಿಗೆ ಕುಳಿತಿದೆ, ನೋಡಿದಿರಾ?

ಒತ್ತು, ನೀರುಣಿಸು, ಕಾಯಿ

1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ತಂಡ ಹುಟ್ಟಿತು. ವಿಜ್ಞಾನ ಹಳ್ಳಿಗೂ ಕೆಲಸಕ್ಕೆ ಬರಬೇಕು ಎಂಬುದು ಅದರ ಹಂಬಲ. ಅದನ್ನು ಕಟ್ಟಿದವರು ಎ.ಕೆ.ಎನ್. ರೆಡ್ಡಿ. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಅವರು ಕೇಂದ್ರವನ್ನೇ ತೆರೆದರು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯ ಹೆಸರನ್ನು ನಿಮ್ಮ ಅಜ್ಜಿ ಕೇಳಿರಬಹುದು. ಅದೇ ತಂಡ ಮಣ್ಣಿನ ಇಟ್ಟಿಗೆಯ ಹಿಂದೆಯೂ ಬಿತ್ತು.

ಅವರ ವಿಧಾನ ಹೀಗಿದೆ. ಕೆಮ್ಮಣ್ಣನ್ನು ಜರಡಿ ಹಿಡಿಯಬೇಕು. ನೂರು ಪಾಲಿನಲ್ಲಿ 65ಕ್ಕೂ ಹೆಚ್ಚು ಮರಳು, 10ರ ಆಸುಪಾಸು ಜೇಡಿ ಇದ್ದರೆ ಪಾಕ ಸರಿ. ಜೇಡಿ ಹೆಚ್ಚಿದ್ದರೆ ಮರಳು ಬೆರೆಸಬೇಕು. ಆಮೇಲೆ ನೂರಕ್ಕೆ ಏಳು ಪಾಲಿನಷ್ಟು ಸಿಮೆಂಟು ಸೇರಿಸಿ, ಹಿಡಿದರೆ ಉಂಡೆಯಾಗುವಷ್ಟು ಮಾತ್ರ ನೀರು ಚಿಮುಕಿಸಬೇಕು. ಈ ಪುಡಿಯನ್ನು ಕಬ್ಬಿಣದ ಅಚ್ಚಿಗೆ ತುಂಬಿ, ಮುಚ್ಚಳ ಹಾಕಿ, ಉದ್ದನೆಯ ಹಿಡಿಯನ್ನು ಎಳೆಯುತ್ತಾರೆ. ಏತದ ಕಂಬದಂತೆ, ಹಿಡಿ ಉದ್ದವಿದ್ದಷ್ಟೂ ಒತ್ತಡ ಹೆಚ್ಚು. ಕಣಗಳ ನಡುವಿನ ಗಾಳಿ ಹೊರಗೆ, ಕಣಗಳು ಹತ್ತಿರ. ಮುಚ್ಚಳ ತೆಗೆದರೆ ಸುಮಾರು ಎಂಟು ಕಿಲೊ ತೂಗುವ, ಅಂಚು ಮುಕ್ಕಾಗದ ಇಟ್ಟಿಗೆ ಸಿದ್ಧ. ಇದಕ್ಕೆ ಕರೆಂಟು ಬೇಡ, ತೋಳಬಲ ಸಾಕು.

ಆಮೇಲೆ ಇದನ್ನು ಬಿಸಿಲಿಗಿಟ್ಟು ಒಣಗಿಸುತ್ತಾರೆ ಅಂದುಕೊಂಡಿರಾ? ಇಲ್ಲ! ನೆರಳಲ್ಲಿ ಪೇರಿಸಿ, ಹುಲ್ಲು ಅಥವಾ ಗೋಣಿ ಹೊದಿಸಿ, ಮೂರು ನಾಲ್ಕು ವಾರ ದಿನವೂ ನೀರು ಚಿಮುಕಿಸುತ್ತಾರೆ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು. ನೀರಿನೊಡನೆ ಕೂಡಿ ಅದು ಹೊಸ ಪದಾರ್ಥವಾಗುತ್ತದೆ. ಅದರ ಸೂಕ್ಷ್ಮ ಎಳೆಗಳು ಮರಳಿನ ಕಣಗಳ ನಡುವೆ ಹೆಣೆದುಕೊಂಡು ಬಿಗಿಯುತ್ತವೆ. ಬೇಗ ಒಣಗಿದರೆ ಆ ಹೆಣಿಗೆ ಅರ್ಧಕ್ಕೇ ನಿಲ್ಲುತ್ತದೆ.

ತಳಪಾಯಕ್ಕೆ ತೋಡಿದ ಮಣ್ಣು ಚೆನ್ನಾಗಿದ್ದರೆ ಅದರಲ್ಲೇ ಗೋಡೆಯ ಇಟ್ಟಿಗೆ ಒತ್ತಬಹುದು. ಲಾರಿ ಓಡಾಟವೂ ಉಳಿಯಿತು. ಹಾಗೆಂದು ಎಲ್ಲೆಂದರಲ್ಲಿ ಇದು ನಡೆಯದು. ಎರೆ ಮಣ್ಣಿಗೆ ಇದು ಹೊಂದುವುದು ಕಷ್ಟ. ಸದಾ ನೀರು ನಿಲ್ಲುವ ಕಡೆ ಕಲ್ಲಿನ ತಳಪಾಯವೇ ಬೇಕು. ಸೂರು ತುಸು ಮುಂದೆ ಚಾಚಿರಬೇಕು. ನಮ್ಮ ಹಳೆಯ ಮಣ್ಣಿನ ಮನೆಗಳಿಗೆ ಎತ್ತರದ ಜಗಲಿ, ಇಳಿಬಿದ್ದ ಸೂರು ಯಾಕಿದ್ದವು ಎಂದು ಈಗ ಹೊಳೆಯಿತೇ?

ಒಂದು ತುಂಟ ಪ್ರಶ್ನೆ

“ಸಿಮೆಂಟನ್ನೂ ಸುಟ್ಟೇ ಮಾಡುತ್ತಾರಲ್ಲ!” ಎಂದು ನಿಮ್ಮಲ್ಲಿ ಯಾರಾದರೂ ಕೇಳಿದರೆ ಅವರಿಗೊಂದು ಶಭಾಷ್. ನಿಜ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟು ಕಾರ್ಖಾನೆಗಳಿವೆ, ಅಲ್ಲಿಯ ನೆಲದಲ್ಲಿ ಸುಣ್ಣದ ಕಲ್ಲು ಹೇರಳ. ಆ ಕಲ್ಲನ್ನು ಜೇಡಿಯೊಡನೆ ಸುಮಾರು 1450 ಡಿಗ್ರಿಗೆ ಕಾಯಿಸುತ್ತಾರೆ. ಆಗ ಉರುವಲಿನಿಂದ ಮಾತ್ರವಲ್ಲ, ಸುಣ್ಣದ ಕಲ್ಲಿನೊಳಗಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಲ್ಲೇ ಉಸಿರು ಬಿಟ್ಟಂತೆ! ಮಣ್ಣಿನ ಇಟ್ಟಿಗೆಯಲ್ಲಿ ಸಿಮೆಂಟು ನೂರಕ್ಕೆ ಏಳೇ ಪಾಲು. ಹೀಗಾಗಿ ಒಟ್ಟು ಲೆಕ್ಕದಲ್ಲಿ ಸುಟ್ಟ ಇಟ್ಟಿಗೆಯ ಗೋಡೆಗಿಂತ ಇದಕ್ಕೆ ಶಕ್ತಿಯ ಖರ್ಚು ಅರ್ಧಕ್ಕಿಂತಲೂ ಕಡಿಮೆ.

ಆ ಏಳು ಪಾಲನ್ನೂ ಹಗುರ ಮಾಡುವ ಕೆಲಸ ಈಗ ನಡೆದಿದೆ. ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ಭಾರತದ ವಿಜ್ಞಾನಿಗಳು ಸೇರಿ ಎಲ್‌ಸಿ3 ಎಂಬ ಹೊಸ ಸಿಮೆಂಟು ರೂಪಿಸಿದ್ದಾರೆ. ಅದರಲ್ಲಿ ಅತಿ ಕಾವಿನಲ್ಲಿ ಸುಟ್ಟ ಭಾಗ ಅರ್ಧ ಮಾತ್ರ. ಉಳಿದರ್ಧದಲ್ಲಿ ಬಹುಪಾಲು ಸುಮಾರು 800 ಡಿಗ್ರಿಗೆ ಕಾಯಿಸಿದ ಜೇಡಿ, ಮತ್ತೆ ಸುಡದೆಯೇ ಪುಡಿ ಮಾಡಿದ ಸುಣ್ಣದ ಕಲ್ಲು. ಕಾಯಿಸಿದಾಗ ಜೇಡಿ ಬಿಡುವುದು ನೀರಾವಿಯನ್ನು, ಇಂಗಾಲವನ್ನಲ್ಲ. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಈ ಬಗೆಯ ಸಿಮೆಂಟಿಗೆ ಗುಣಮಟ್ಟದ ನಿಯಮಗಳನ್ನೂ ಪ್ರಕಟಿಸಿದೆ.

ನೋಡಿ, ಇಡೀ ಕತೆ ಅಂಟಿನದೇ. ಅಂಟು ಎಷ್ಟು ಕಡಿಮೆ ಬೆಂಕಿ ಕೇಳುತ್ತದೋ ಮನೆ ಅಷ್ಟು ತಣ್ಣನೆಯ ಲೆಕ್ಕದಲ್ಲಿ ಏಳುತ್ತದೆ.

ಮಾಡಿ ನೋಡಿ

ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು ತುಂಬಿ. ನೀರು, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ, ಅಲುಗಿಸದೆ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಆಮೇಲೆ ಅದರ ಮೇಲೆ ಹೂಳು ಕೂರುತ್ತದೆ. ಎಲ್ಲಕ್ಕಿಂತ ನಿಧಾನಿ ಜೇಡಿ, ಅದಕ್ಕೆ ಒಂದು ದಿನವೇ ಬೇಕಾದೀತು. ಮೂರು ಪದರಗಳನ್ನೂ ಸ್ಕೇಲಿನಿಂದ ಅಳೆದು, ನಿಮ್ಮೂರ ಮಣ್ಣು ಇಟ್ಟಿಗೆಗೆ ಆದೀತೇ ಎಂದು ನೀವೇ ಹೇಳಿ.

ಅದೇ ಮಣ್ಣಿನಲ್ಲಿ ಎರಡು ಉಂಡೆ ಮಾಡಿ. ಒಂದನ್ನು ಸುಮ್ಮನೆ ಕೈಯಲ್ಲಿ ಕಟ್ಟಿ. ಇನ್ನೊಂದಕ್ಕೆ ಸ್ವಲ್ಪ ಮರಳು ಬೆರೆಸಿ ಬಲವಾಗಿ ಒತ್ತಿ. ನೆರಳಲ್ಲಿ ಒಣಗಿಸಿ, ಮುಂದಿನ ಮಳೆಗೆ ಎರಡನ್ನೂ ಅಂಗಳದಲ್ಲಿಡಿ. ಯಾವುದು ಮೊದಲು ಬಿರಿಯಿತು, ಯಾವುದು ಹೆಚ್ಚು ಹೊತ್ತು ತಡೆಯಿತು ಎಂದು ಬರೆದಿಡಿ. ಎರಡೂ ಕರಗಿದರೆ ಬೇಸರ ಬೇಡ. ಕೊಡೆ ಹಿಡಿದು ಹುತ್ತದ ಕಡೆ ಹೋಗಿ, ದೂರದಿಂದಲೇ ಒಮ್ಮೆ ನೋಡಿ ಬನ್ನಿ. ಅಲ್ಲಿ ಕೆಲಸಗಾರರು ಇನ್ನೂ ಜೊಲ್ಲು ಕಲಸುತ್ತಲೇ ಇರುತ್ತಾರೆ.