ಏಲಕ್ಕಿಯ ಎಣ್ಣೆ

ಹಬ್ಬದ ದಿನ ಪಾಯಸಕ್ಕೆಂದು ಏಲಕ್ಕಿ ಬಿಡಿಸಿದರೆ, ಕುಕ್ಕುಂದೂರಿನ ನಮ್ಮ ಮನೆಯಲ್ಲಿ ಸಿಪ್ಪೆಯನ್ನು ಎಸೆಯುವ ವಾಡಿಕೆಯಿಲ್ಲ. ಅದು ಚಹಾಪುಡಿಯ ಡಬ್ಬಿಗೆ ಸೇರುತ್ತದೆ. ಮಿತವ್ಯಯವೇನೋ ಒಳ್ಳೆಯದೇ. ಆದರೆ ಸಿಪ್ಪೆಯಲ್ಲಿ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಪರಿಮಳದ ಎಣ್ಣೆ ಇರುವುದೆಲ್ಲ ಒಳಗಿನ ಕಾಳಿನಲ್ಲಿ. ತಮಿಳರು ಏಲರಿಸಿ ಎಂದರು, ಮಲೆಯಾಳಿಗಳು ಏಲತ್ತರಿ ಎಂದರು, ನಾವು ಏಲಕ್ಕಿ ಎಂದೆವು. ಮೂರರ ಕೊನೆಯಲ್ಲಿಯೂ ಕುಳಿತಿರುವುದು ಅಕ್ಕಿಯೇ, ಎಂದರೆ ಕಾಳೇ. ಇದು ಪಂಡಿತನ ಚಾಳಿ, ಶ್ರೋತೃಗಳು ಮನ್ನಿಸಬೇಕು.

ಪೇಟೆ ಮಾತ್ರ ಕಾಯಿಯ ಹಸುರು ಬಣ್ಣವನ್ನೂ ಗಾತ್ರವನ್ನೂ ನೋಡಿ ಬೆಲೆ ಕಟ್ಟುತ್ತದೆ. ಇದರಿಂದ ನಷ್ಟವಾಗುವುದು ನಮ್ಮ ಮಲೆನಾಡಿನವರಿಗೆ. ಏಲಕ್ಕಿಯಲ್ಲಿ ಮಲಬಾರ್, ಮೈಸೂರು, ವಳುಕ್ಕ ಎಂದು ಮೂರು ಬಗೆ. ಮಲಬಾರಿನ ಹೂಗೊಂಚಲು ನೆಲದ ಮೇಲೆ ಹರಿಯುತ್ತದೆ, ಮೈಸೂರಿನದು ನೆಟ್ಟಗೆ ನಿಲ್ಲುತ್ತದೆ, ವಳುಕ್ಕ ಇವೆರಡರ ನಡುವಿನದು. ವಿನೋದವೆಂದರೆ, ‘ಮೈಸೂರು’ ಹೆಚ್ಚಾಗಿ ಬೆಳೆಯುವುದು ಕೇರಳದ ಎತ್ತರದ ಬೆಟ್ಟಗಳಲ್ಲಿ; ಕೊಡಗು, ಮೂಡಿಗೆರೆ, ಸಕಲೇಶಪುರಗಳಲ್ಲಿ ಬೆಳೆಯುವುದು ‘ಮಲಬಾರ್’.

ಎಣ್ಣೆಯಲ್ಲಿ ಮುಖ್ಯವಾದ ವಸ್ತುಗಳು ಎರಡು. ಸಿನಿಯೋಲ್ ಎಂಬುದು ನೀಲಗಿರಿ ಎಣ್ಣೆಯಲ್ಲಿಯೂ ಇರುವ ಖಾರವಾದ ವಾಸನೆ. ಟರ್ಪಿನೈಲ್ ಅಸಿಟೇಟ್ ಎಂಬುದು ಇಂಪಾದ, ಹೂವಿನಂಥ ಕಂಪು. ಸಾಮಾನ್ಯವಾಗಿ ಮಲಬಾರಿನಲ್ಲಿ ಮೊದಲನೆಯದು ಹೆಚ್ಚು, ಮೈಸೂರಿನಲ್ಲಿ ಎರಡನೆಯದು ಹೆಚ್ಚು. ಆದರೆ ಆರಿಸಿ ಬೆಳೆಸಿದ ಮಲಬಾರ್ ತಳಿಗಳು ಬಡವಲ್ಲ. ಮೂಡಿಗೆರೆ–1ರಲ್ಲಿ ಎಣ್ಣೆ ನೂರಕ್ಕೆ ಸುಮಾರು 8. ಆ ಎಣ್ಣೆಯಲ್ಲಿ ಸಿನಿಯೋಲ್ 36, ಅಸಿಟೇಟ್ 42ರಷ್ಟು.

ಮಾಳ ಘಾಟಿಯಾಚೆ ತೋಟ ಮಾಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಪೇಟೆಯಲ್ಲಿ ಬೆಲೆಯಿಲ್ಲದ ಒಡಕು ಕಾಯಿ, ಸಣ್ಣ ಕಾಯಿಗಳಿಂದ ಎಣ್ಣೆ ತೆಗೆಯಲು ಹೊರಟ. ಕಾಳನ್ನು ಒಡೆದು, ಕೆಳಗಿನಿಂದ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಮೊದಲ ಸಲ ಕೊಂಡವರು ಅದನ್ನು ಹಿಂದಕ್ಕೆ ಕಳುಹಿಸಿದರು. ರಜೆಯಲ್ಲಿ ಬಂದವನು ಎರಡು ಸೀಸೆಗಳನ್ನು ನನ್ನ ಮುಂದಿಟ್ಟ.

“ಮಾಷ್ಟ್ರೆ, ಮೂಸಿ ನೋಡಿ.”

ಒಂದು ನೆಗಡಿಯ ಔಷಧಿಯಂತಿತ್ತು; ಇನ್ನೊಂದು ನಿಜವಾದ ಏಲಕ್ಕಿ.

“ಬೇರೆ ಬೇರೆ ತಳಿಯೇನಪ್ಪಾ?”

“ಅಲ್ಲ, ಒಂದೇ ತೋಟದ್ದು. ಮೊದಲನೆಯದರಲ್ಲಿ ಸೌದೆ ಉಳಿಸಲು ಹೋಗಿ ಬೇಗನೆ ಒಲೆ ಆರಿಸಿದ್ದೆ.”

ಹಬೆಯೊಡನೆ ಸಿನಿಯೋಲ್ ಮೊದಲು ಬರುತ್ತದೆ, ಅಸಿಟೇಟ್ ತಡವಾಗಿ. ಅವಸರಪಟ್ಟವನಿಗೆ ಸಿಕ್ಕುವುದು ಬರಿಯ ಖಾರ. ಹಿಂದಿನ ದಿನವೇ ಕಾಳು ಒಡೆದಿಟ್ಟು, ಕೊಂಚ ಎಣ್ಣೆಯನ್ನು ಗಾಳಿಗೂ ಕೊಟ್ಟಿದ್ದನಂತೆ. ಈಗ ಒಡೆದ ಕೂಡಲೇ ಹಂಡೆಗೆ ತುಂಬುತ್ತಾನೆ, ಕೊನೆಯ ಹನಿಯವರೆಗೆ ಕಾಯುತ್ತಾನೆ.

ಅವನ ಚಿಂತೆ ಬೇರೆಯಿದೆ. ತೋಟದ ಒಂದು ಮೂಲೆಗೆ ಕಟ್ಟೆ ರೋಗ ಬಿದ್ದಿದೆ. ಹೇನು ಹರಡುವ ಈ ರೋಗಕ್ಕೆ ಮದ್ದಿಲ್ಲ, ಹಿಡಿದ ಗಿಡವನ್ನು ಕಿತ್ತು ಸುಡಬೇಕು. ನೆರೆಯವರು ಏಲಕ್ಕಿ ಬಿಟ್ಟು ಕಾಫಿಗೆ ತಿರುಗಿದ್ದಾರೆ. ಇವನು ಖಾಲಿಯಾದ ಜಾಗಕ್ಕೆ ರೋಗವಿಲ್ಲದ ಮೂಡಿಗೆರೆ–1ರ ಸಸಿ ಹುಡುಕುತ್ತಿದ್ದಾನೆ. ಎರಡನೆಯ ಸೀಸೆಯನ್ನು ನನ್ನ ಮನೆಯಲ್ಲೇ ಬಿಟ್ಟುಹೋದ; ಅಡುಗೆಮನೆಯಲ್ಲಿ ಅದರ ಒಂದು ಹನಿಗೇ ಪಾಯಸ ಕೆಟ್ಟಿತು, ಅಷ್ಟು ಗಾಢ.