ಗುರುತಿನ ಕಳವು: ರುಜುವಾತಿನ ಹೊರೆ ಯಾರದು?



ಜನಸಾಮಾನ್ಯರಿಗೆ ಕಾನೂನನ್ನು ಅವರ ಮಾತಿನಲ್ಲೇ ತಿಳಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕೆ ತಕ್ಕ ವಿಷಯವೆಂದು ಗುರುತಿನ ಕಳವನ್ನು ಆರಿಸಿಕೊಂಡಿದ್ದೇನೆ. ಒಟಿಪಿ ಹೇಳಬೇಡಿ, ಆಧಾರ್ ಪ್ರತಿ ಎಲ್ಲೆಂದರಲ್ಲಿ ಕೊಡಬೇಡಿ ಎಂಬ ಎಚ್ಚರಿಕೆಗಳನ್ನು ನೀವು ದಿನವೂ ಕೇಳುತ್ತಿದ್ದೀರಿ. ನಾನು ಹೇಳಹೊರಟಿರುವುದು ಕಳವಾದ ನಂತರದ ಕಥೆ. ಠಾಣೆ, ಬ್ಯಾಂಕು, ತೆರಿಗೆ ಕಚೇರಿ, ನ್ಯಾಯಾಲಯ, ಎಲ್ಲೆಡೆಯೂ ಕಳೆದುಕೊಂಡವನೇ ಆರೋಪಿಯಂತೆ ಉತ್ತರ ಕೊಡುತ್ತ ನಿಲ್ಲಬೇಕಾಗುತ್ತದೆ. ಅದು ಯಾಕೆ ಹಾಗಾಗುತ್ತದೆ ಎಂಬುದೇ ಇಂದಿನ ಪ್ರಶ್ನೆ.

ಮೊದಲು ಅಮೆರಿಕದ ಒಂದು ಪ್ರಕರಣ. 1988ರಲ್ಲಿ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರದಲ್ಲಿ ಇಬ್ಬರು ಯುವಕರು ತಿಂಡಿ ಗಾಡಿಯೊಂದರಲ್ಲಿ ಜೊತೆಗೆ ಕೆಲಸಕ್ಕಿದ್ದರು. ಮುಂದೆ ಅವರಲ್ಲೊಬ್ಬ ಇನ್ನೊಬ್ಬನ ಹೆಸರನ್ನು ತನ್ನದಾಗಿಸಿಕೊಂಡ. ಆ ಹೆಸರಿನಲ್ಲೇ ಮದುವೆಯಾದ, ಸಾಲ ಎತ್ತಿದ, ಅಯೋವಾದ ವಿಶ್ವವಿದ್ಯಾಲಯ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಒಳ್ಳೆಯ ನೌಕರಿ ಮಾಡಿದ. ಹೆಸರಿನ ನಿಜವಾದ ಒಡೆಯ ಮನೆಮಠವಿಲ್ಲದೆ ಲಾಸ್ ಏಂಜಲಿಸ್‌ನಲ್ಲಿದ್ದ. 2019ರಲ್ಲಿ, ಯಾರೋ ತನ್ನ ಹೆಸರಿನಲ್ಲಿ ಸಾಲ ಮಾಡಿದ್ದಾರೆಂದು ತಿಳಿದು, ಆತ ತಾನಾಗಿಯೇ ಬ್ಯಾಂಕಿಗೆ ಹೋಗಿ ಖಾತೆ ಮುಚ್ಚಿ ಎಂದು ಕೇಳಿಕೊಂಡ. ಅವನ ಬಳಿ ಅಸಲಿ ಗುರುತಿನ ಚೀಟಿಗಳಿದ್ದವು. ಆದರೆ ಬ್ಯಾಂಕಿನವರು ಕೇಳಿದ ಭದ್ರತಾ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದದ್ದು ಖಾತೆ ತೆರೆದಿದ್ದವನಿಗೆ ಮಾತ್ರ. ಬ್ಯಾಂಕು ಕಡತದಲ್ಲಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿತು. ಕಳ್ಳನೇ ಎತ್ತಿಕೊಂಡ. ಪೊಲೀಸರು ದೂರು ಕೊಡಲು ಬಂದವನನ್ನೇ ಬಂಧಿಸಿದರು, ಅದೂ ಗುರುತಿನ ಕಳವಿನ ಆರೋಪದ ಮೇಲೆ.

ಮುಂದೆ ನಡೆದದ್ದನ್ನು ಗಮನವಿಟ್ಟು ಕೇಳಿ. ನ್ಯಾಯಾಲಯದಲ್ಲಿ ಆತ ತನ್ನ ಹೆಸರು ಇದೇ ಎಂದು ಪಟ್ಟು ಹಿಡಿದ. ಆ ಪಟ್ಟನ್ನೇ ಬುದ್ಧಿಭ್ರಮಣೆಯ ಲಕ್ಷಣವೆಂದು ಎಣಿಸಲಾಯಿತು. 428 ದಿನ ಜೈಲು, 147 ದಿನ ಮಾನಸಿಕ ಆಸ್ಪತ್ರೆ. 2021ರಲ್ಲಿ ಹೊರಬರಲು ಆತ ಆರೋಪವನ್ನು ಪ್ರಶ್ನಿಸುವುದಿಲ್ಲ ಎಂದು ಒಪ್ಪಬೇಕಾಯಿತು. ಇನ್ನು ಮುಂದೆ ‘ನಿಜವಾದ’ ಹೆಸರನ್ನೇ, ಅಂದರೆ ಕಳ್ಳನ ಹೆಸರನ್ನೇ ಬಳಸಬೇಕೆಂಬ ಆದೇಶವೂ ಆಯಿತು. ಕೊನೆಗೆ 2023ರಲ್ಲಿ ಆತ ಅಯೋವಾದ ಆಸ್ಪತ್ರೆಗೇ ದೂರು ಮುಟ್ಟಿಸಿದ. ವಿಶ್ವವಿದ್ಯಾಲಯದ ಪೊಲೀಸ್ ತನಿಖಾಧಿಕಾರಿಯೊಬ್ಬರು ಕೆಂಟಕಿಯಲ್ಲಿದ್ದ ಅವನ ತಂದೆಯ ಡಿಎನ್ಎ ಪರೀಕ್ಷೆ ಮಾಡಿಸಿದರು. ತಂದೆ ಮಗನ ಡಿಎನ್ಎ ತಾಳೆಯಾಯಿತು. 2025ರ ಜನವರಿಯಲ್ಲಿ ಕಳ್ಳನಿಗೆ 12 ವರ್ಷ ಸೆರೆಯಾಯಿತು.

ನಾನು ಈ ಪ್ರಕರಣಕ್ಕೆ ಮತ್ತೆ ಮತ್ತೆ ಮರಳುವುದು ಅದರ ವಿಚಿತ್ರಕ್ಕಾಗಿ ಅಲ್ಲ. ಅಲ್ಲಿ ಬ್ಯಾಂಕು, ಪೊಲೀಸರು, ನ್ಯಾಯಾಲಯ ಮೂವರೂ ತಮ್ಮ ತಮ್ಮ ಪದ್ಧತಿಯಂತೆಯೇ ನಡೆದುಕೊಂಡರು. ಯಾರ ಕಾಗದ ನೆಟ್ಟಗಿದೆಯೋ ಅವನೇ ಸಾಚಾ ಎಂದು ನಂಬಿದರು. ಕಳ್ಳನ ಕಾಗದ ಯಾವಾಗಲೂ ನೆಟ್ಟಗೇ ಇರುತ್ತದೆ. ಅದಕ್ಕಾಗಿಯೇ ಅವನು ಕದ್ದಿರುತ್ತಾನೆ.

ನಮ್ಮಲ್ಲಿಗೆ ಬರೋಣ. ಕೂಲಿ ಮಾಡುವವನಿಗೆ ಕೋಟಿಗಟ್ಟಲೆ ವಹಿವಾಟಿನ ತೆರಿಗೆ ನೋಟಿಸು ಬಂದ ಸುದ್ದಿಯನ್ನು ನೀವು ಓದಿದ್ದೀರಿ. ಅವನ ಪ್ಯಾನ್ ಮೇಲೆ ಯಾರೋ ಜಿಎಸ್‌ಟಿ ನೋಂದಣಿ ಪಡೆದಿರುತ್ತಾರೆ. ನೋಂದಣಿಯಲ್ಲಿರುವ ಇಮೇಲು, ಮೊಬೈಲು ಎರಡೂ ಕಳ್ಳನವೇ. ಹಾಗಾಗಿ ನೋಟಿಸು ಅವನಿಗೇ ತಲುಪುತ್ತದೆ, ಉತ್ತರ ಬರುವುದಿಲ್ಲ, ಏಕಪಕ್ಷೀಯ ಆದೇಶ ಹೊರಡುತ್ತದೆ. ವಸೂಲಿಯವರು ಮನೆ ಬಾಗಿಲಿಗೆ ಬರುವ ಹೊತ್ತಿಗೆ ಮೇಲ್ಮನವಿಯ ವಾಯಿದೆ ದಾಟಿರುತ್ತದೆ. ಇನ್ನೊಬ್ಬನ ದಾಖಲೆಯಲ್ಲಿ ತೆರೆದ ಬ್ಯಾಂಕ್ ಖಾತೆಗೆ ವಂಚನೆಯ ಹಣ ಬಂದರಂತೂ, ಬೇರೆ ರಾಜ್ಯದ ಪೊಲೀಸರು ಖಾತೆ ತಡೆಹಿಡಿಯುತ್ತಾರೆ. ದಿನಗೂಲಿಯವನು ಅಷ್ಟು ದೂರದ ಠಾಣೆಗೆ ಹೋಗಿ ತಾನು ಅವನಲ್ಲ ಎಂದು ಹೇಳಿಬರಬೇಕು.

ಕಾನೂನು ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮು 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದರೆ ಅದೇ ಕಾಯ್ದೆಯ 78ನೇ ಕಲಮಿನಂತೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಇಂಥ ಪ್ರಕರಣದ ತನಿಖೆ ನಡೆಸುವಂತಿಲ್ಲ. ಸಬ್ ಇನ್‌ಸ್ಪೆಕ್ಟರ್ ಇರುವ ಹಳ್ಳಿಯ ಠಾಣೆ ಹಿಂಬರಹ ಕೊಟ್ಟು ಜಿಲ್ಲಾ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಕಳಿಸುತ್ತದೆ. ಇದು ತಪ್ಪು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಠಾಣೆಯ ಸರಹದ್ದಿನ ನೆಪವನ್ನು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ತೆಗೆದುಹಾಕಿದೆ. ತನಿಖೆ ಯಾರು ಮಾಡಬೇಕೆಂಬುದು ಆಮೇಲಿನ ಮಾತು.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ನಮ್ಮ ವ್ಯವಸ್ಥೆಯ ದೃಷ್ಟಿಯಲ್ಲಿ ಮೋಸ ಹೋದದ್ದು ಸಾಲ ಕೊಟ್ಟ ಸಂಸ್ಥೆ. ಹೆಸರು ಕಳೆದುಕೊಂಡವನು ಹೆಚ್ಚೆಂದರೆ ಸಾಕ್ಷಿ, ಇಲ್ಲವಾದರೆ ಶಂಕಿತ. ಅಮೆರಿಕದಲ್ಲೂ ಹೀಗೇ ಇತ್ತು. ಅಲ್ಲಿ 1998ರ ಕಾಯ್ದೆ ಬಂದಮೇಲೆ ವ್ಯಕ್ತಿಯೇ ಸಂತ್ರಸ್ತನೆಂಬ ಮಾನ್ಯತೆ ದೊರೆಯಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಸೋರಲು ಬಿಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಡುತ್ತದೆ. ಆ ಹಣ ಪೂರ್ತಿ ಸೇರುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಯಾರದೋ ಅವನಿಗೆ ಆ ಕಾಯ್ದೆಯಡಿ ಪರಿಹಾರವಿಲ್ಲ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಹೊರೆಯನ್ನು ಬದಲಿಸಲು ಸಾಧ್ಯವೇ? ಖಂಡಿತ ಸಾಧ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ, ಅನಧಿಕೃತ ವಿದ್ಯುನ್ಮಾನ ವಹಿವಾಟಿನಲ್ಲಿ ಗ್ರಾಹಕನ ಹೊಣೆಯನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನದೆಂದು ಸ್ಪಷ್ಟವಾಗಿ ಹೇಳಿತು. ನಮ್ಮ ರಾಜ್ಯದಲ್ಲಿ 2023ರಲ್ಲಿ ಆಸ್ತಿ ನೋಂದಣಿ ಪತ್ರಗಳ ಬೆರಳಚ್ಚು ನಕಲು ಮಾಡಿ ಆಧಾರ್ ಪಾವತಿ ಮೂಲಕ ಹಣ ತೆಗೆದವರ ಸುದ್ದಿ ಬಂದಾಗ, ಹಣ ಕಳೆದುಕೊಂಡವರಿಗೆ ನೆಚ್ಚಿಕೊಳ್ಳಲು ಅಂಥ ಒಂದು ಆಧಾರವಾದರೂ ಇತ್ತು. ಇದ್ದ ಹಣ ಹೋದರೆ ಈ ರಕ್ಷಣೆ. ಮಾಡದ ಸಾಲ ತಲೆಗೆ ಬಂದರೆ? ಸಾಲದ ದಾಖಲೆ ತಿದ್ದಲು 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಆದೇಶಿಸಿದೆ. ಒಳ್ಳೆಯದೇ. ಆದರೆ ಸಾಲ ಕೊಟ್ಟವರು ‘ಪ್ಯಾನ್ ತಾಳೆಯಾಗಿದೆ’ ಎಂದು ಒಂದು ಸಾಲು ಬರೆದರೆ ದೂರು ಅಲ್ಲಿಗೆ ನಿಲ್ಲುತ್ತದೆ. ಸಾಲ ಪಡೆದವನು ಇವನೇ ಎಂದು ಹೇಳುವವರು ತಾನೇ ಅದನ್ನು ರುಜುವಾತು ಮಾಡಬೇಕು? ಸಾಕ್ಷ್ಯ ಅಧಿನಿಯಮದ 104ನೇ ಕಲಮಿನ ತತ್ವವೂ ಅದೇ.

ಮತ್ತೆ ಸಿ ರಿಪೋರ್ಟಿನ ವಿಚಾರ. ಕಳ್ಳ ಪತ್ತೆಯಾಗದೆ ಪೊಲೀಸರು ಸಿ ರಿಪೋರ್ಟ್ ಹಾಕುತ್ತಾರೆ. ಆರೋಪಿ ಸಿಕ್ಕಿಲ್ಲ ಎಂದಷ್ಟೇ ಅದರಲ್ಲಿರುತ್ತದೆ, ದೂರುದಾರ ಆ ಸಾಲ ಮಾಡಿಲ್ಲ ಎಂಬ ಮಾತಿರುವುದಿಲ್ಲ. ಬ್ಯಾಂಕು, ಜಿಎಸ್‌ಟಿ ಕಚೇರಿ, ಆದಾಯ ತೆರಿಗೆ, ಒಂದೊಂದು ಕಡೆಯೂ ಹೋರಾಟ ಮೊದಲಿನಿಂದ ಶುರು. ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯಲ್ಲಿ, ಗುರುತು ಕಳವಾದವನನ್ನು ವಾಸ್ತವವಾಗಿ ನಿರಪರಾಧಿ ಎಂದು ನ್ಯಾಯಾಧೀಶರೇ ಘೋಷಿಸಲು ಪ್ರತ್ಯೇಕ ಅವಕಾಶವಿದೆ. ಎಲ್ಲ ಕಚೇರಿಗಳೂ ಒಪ್ಪಲೇಬೇಕಾದ ಅಂಥದೊಂದು ಘೋಷಣೆಯನ್ನು ನಮ್ಮ ಸಂಸತ್ತು ತರಬೇಕು.

ಅದು ಬರುವವರೆಗೆ ನನ್ನ ಕಿರಿಯ ವಕೀಲ ಮಿತ್ರರಲ್ಲಿ ಒಂದು ವಿನಂತಿ. ಪ್ರಕರಣವನ್ನು ಕೈಬಿಡುವ ಮೊದಲು ಫಿರ್ಯಾದುದಾರನಿಗೆ ನೋಟಿಸು ಕೊಟ್ಟು ಕೇಳಬೇಕೆಂದು 1985ರ ಭಗವಂತ ಸಿಂಗ್ ತೀರ್ಪು ಹೇಳುತ್ತದೆ. ಆ ನೋಟಿಸು ಬಂದ ದಿನ ಸುಮ್ಮನೆ ಸಹಿ ಹಾಕಿಸಬೇಡಿ. ತಕರಾರು ಸಲ್ಲಿಸಿ. ಸಾಲದ ಅರ್ಜಿ, ಅದರಲ್ಲಿನ ಭಾವಚಿತ್ರ, ಹಣ ಜಮೆಯಾದ ಖಾತೆ, ಬಳಕೆಯಾದ ಮೊಬೈಲು ಕಕ್ಷಿದಾರನವಲ್ಲ ಎಂದು ತನಿಖೆಯಲ್ಲಿ ಕಂಡಿದ್ದರೆ, ಅದನ್ನು ಆದೇಶದಲ್ಲೇ ಬರೆಯುವಂತೆ ಮ್ಯಾಜಿಸ್ಟ್ರೇಟರನ್ನು ಪ್ರಾರ್ಥಿಸಿ. ಪ್ರಮಾಣಿತ ನಕಲು ಪಡೆದು ಪ್ರತಿ ಕಚೇರಿಗೂ ಕಳಿಸಿ. ಫೀಸು ಕೊಡಲಾಗದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ನೀವೇ ಕರೆದುಕೊಂಡು ಹೋಗಿ.